ಹದಿನಾರು ಕದ

ವಾಸ್ಕೊದ ಖಾರೆವಾಡೊ, ಐಸ್ ಫ್ಯಾಕ್ಟರಿ, ರಾತ್ರಿ ಹನ್ನೊಂದು.
ಹಸಿರು ಬೆಳಕು ಹತ್ತಿತು, ಅಕ್ಷರ ಹತ್ತಲಿಲ್ಲ.
ಮೇಲಿನ ಸಾಲಲ್ಲಿ ಹದಿನಾರು ಕಪ್ಪು ಚೌಕ,
ಕೆಳಗಿನ ಸಾಲು ಬರಿದು.

ಸ್ಟೂಲಿನ ಮೇಲೆ ಕೂತು ಬೀಡಿ ತಡಕುತ್ತಿದ್ದ ಹುಚ್ಚೀರಪ್ಪ
ಬಗ್ಗಿ ನೋಡಿ ಅಂದ:
"ಹದಿನಾರ ಮನಿ ಅದಾವ ನೋಡವಾ,
ಎಲ್ಲಾರೂ ಕದಾ ಹಾಕ್ಕೊಂಡು ಮಲಗ್ಯಾರ."

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ.
ಕಾಂಟ್ರಾಸ್ಟಿನ ಪುಟ್ಟ ಹಿತ್ತಾಳೆ ಸ್ಕ್ರೂ
ಎಡಕ್ಕೆ ತಿರುಗಿಸಿದೆ, ಚೌಕಗಳು ಮಸುಕಾದವು,
ಇನ್ನಷ್ಟು ತಿರುಗಿಸಿದೆ, ಇಲ್ಲವೇ ಆದವು.
ಬಲಕ್ಕೆ ತಂದರೆ ಮತ್ತೆ ಬಂದು ಕೂತವು
ಸಾಲ ಕೊಟ್ಟವರ ಹಾಗೆ.

ಐದನೆಯ ಕಾಲು ಗ್ರೌಂಡಿಗೆ ಸೇರಿದೆಯೆ? ಸೇರಿದೆ.
ಐದು ವೋಲ್ಟ್? ನಾಲ್ಕು ಪಾಯಿಂಟ್ ಒಂಬತ್ತು, ಸಾಕು.
ಡೇಟಾ ತಂತಿ ನಾಲ್ಕು: ಹಳದಿ, ಹಸಿರು, ಬಿಳಿ,
ಇನ್ನೊಂದೂ ಬಿಳಿ, ಯಾಕೆಂದರೆ ನೀಲಿ ಮುಗಿದಿತ್ತು.
ಒಂದೊಂದನ್ನೂ ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದೆ.
ಪ್ರೋಗ್ರಾಮಿನ ನಂಬರು, ಬೋರ್ಡಿನ ನಂಬರು, ಎರಡೂ ಒಂದೇ.
ಎರಡನೆಯ ಸಲವೂ ಒಂದೇ.
ಮೂರನೆಯ ಸಲ ನನ್ನ ಕಣ್ಣನ್ನೇ ನಂಬಲಿಲ್ಲ.

ಇನಾಸ್ ಬಾಬ್ ಚಡ್ಡಿಯಲ್ಲೇ ಮೆಟ್ಟಿಲಿಳಿದು ಬಂದರು.
"ಕಿತೆಂ ಗೋ, ಜಾಲೆಂ?"
"ಆತಾಂ ಜಾತಾ," ಅಂದೆ.
ಈ ಊರಲ್ಲಿ ನಾನು ಕಲಿತ ಮೊದಲ ಸುಳ್ಳು ಅದು.

ಹನ್ನೆರಡೂವರೆಗೆ, ಸಿಟ್ಟಿಗೋ ನಿದ್ದೆಗೋ,
ಆರನೆಯ ಕಾಲಿನ ಮೇಲೆ ಹೆಬ್ಬೆರಳು ಊರಿ ರೀಸೆಟ್ ಒತ್ತಿದೆ.
ಕದ ತೆರೆದವು.
ಕೋಲ್ಡ್ ರೂಮ್, ಮೈನಸ್ ಎಂಟು.

ಹುಚ್ಚೀರಪ್ಪ ಚಪ್ಪಾಳೆ ತಟ್ಟಿದ. ಬೆರಳು ತೆಗೆದೆ.
ಮೈನಸ್ ಎಂಟು. ಅಳಿಸಿ ಹೋಗಲಿಲ್ಲ.
ಚಹಾ ಕುಡಿದೆವು. ಮೈನಸ್ ಎಂಟು.
ಟ್ರಾಲರಿನವರು ಬಂದು ಬಂಗಡೆಯ ಕ್ರೇಟು ಇಳಿಸಿದರು,
ಕಾಲು ಗಂಟೆ ಬಾಗಿಲು ಹಾರುಹೊಡೆದಿತ್ತು,
ಒಳಗಿನ ತಣ್ಣನೆ ಹೊಗೆ ಹೊರಬಿದ್ದು
ನಮ್ಮ ಮೊಣಕಾಲು ತಬ್ಬಿತು.
ಮೈನಸ್ ಎಂಟು ಅನ್ನುತ್ತಲೇ ಇತ್ತು ಅದು
ಎಳ್ಳಷ್ಟೂ ನಾಚದೆ.

ಆಗ ಹೆದರಿದೆ.
ಕದ ಹಾಕಿಕೊಂಡವರು ಏನನ್ನೂ ಹೇಳುವುದಿಲ್ಲ, ಅಷ್ಟೆ.
ಇದು ಒಮ್ಮೆ ಕೇಳಿದ್ದನ್ನೇ ಹಿಡಿದು ಕೂತಿದೆ,
ಒಳಗೆ ಮೀನು ಬೆವರುತ್ತಿದ್ದರೂ.

ಬೋರ್ಡು ಮಗುಚಿ ಭೂತಗನ್ನಡಿ ಹಿಡಿದೆ.
ಆರನೆಯ ಕಾಲಿನ ಸುತ್ತ
ಕೂದಲೆಳೆಯಷ್ಟು ಕಪ್ಪು ಉಂಗುರ.
ಬೆಸುಗೆ ಇತ್ತು, ಬೂದು ಬಣ್ಣದ್ದು,
ಪಕ್ಕದಲ್ಲೇ ಕೂತು ಮುಟ್ಟದೆ.
"ಕೋಲ್ಡ್ ಜಾಯಿಂಟ್," ಅಂದೆ.
"ಐಸಿನ್ಯಾಗ ಇಟ್ಟಿದ್ದೇನು?"
"ಇಲ್ಲ ಕಾಕಾ, ನಾನೇ ಮಾಡಿದ್ದು. ಸೋಮವಾರ.
ಬಸ್ಸು ತಪ್ಪತದಂತ ಐರನ್ ಲಗೂ ಎತ್ತಿದೆ."

ಈ ಸಲ ಬಾಯಿಬಿಟ್ಟು ಎಣಿಸಿದೆ: ಒಂದು, ಎರಡು, ಮೂರು.
ರಾಳದ ಹೊಗೆ, ಅಮೋನಿಯಾ, ಬಂಗಡೆ.
ತವರ ಕರಗಿ, ಕಾಲನ್ನೇರಿ, ಹೊಳೆಯಿತು.

ಮೈನಸ್ ಮೂರು.
ಇಷ್ಟು ಕೆಟ್ಟ ಸುದ್ದಿಗೆ ಇಷ್ಟು ಖುಷಿಪಟ್ಟದ್ದು ಅವತ್ತೇ.

"ಕೆಳಗ ಏನ ಬರದೈತಿ?"
"ಬಾಗಿಲು ತೆರೆದದ ಅಂತ, ಇಂಗ್ಲಿಷಿನಾಗ."
"ನನಗ ಹೇಳೂದು, ನನಗ ತಿಳೀದ್ಹಂಗ ಹೇಳತೈತಿ."

ಅದರ ತಲೆಯೊಳಗೆ ಜಪಾನಿ ಅಕ್ಷರ ಇವೆ, ಕನ್ನಡ ಇಲ್ಲ.
ಎಂಟು ಮನೆ ಮಾತ್ರ ಖಾಲಿ ಬಿಟ್ಟಿದ್ದಾರೆ,
ಅಗಲ ಐದು ಚುಕ್ಕೆ, ಎತ್ತರ ಎಂಟು.
ಐಸಿನ ಬಿಲ್ಲಿನ ಹಿಂದೆ ಚೌಕ ಗೀಚಿ ಕೂತೆ.
ಬಾ ಹೇಗೋ ಹಿಡಿಸಿತು, ಎರಡು ಮನೆ ತಿಂದು.
ಗಿ ತಲೆ ತಗ್ಗಿಸಿ ಒಳಗೆ ಬಂತು.
ಲು, ಅದಕ್ಕೆ ಕೊಂಬು ಚಾಚಲು ಜಾಗವೇ ಇಲ್ಲ,
ಮೂರು ಸಲ ಅಳಿಸಿದೆ.
ಆರು ಮನೆ ಒಂದೇ ಮಾತಿಗೆ ಹೋದವು.

ನಾಲ್ಕೂಕಾಲಿಗೆ ಜೆಟ್ಟಿಯ ಕಡೆ ಇಂಜಿನ್ ಸದ್ದು.
ಎರಡನೆಯ ಇಯತ್ತೆಯ ತನಕ ಓದಿದ ಹುಚ್ಚೀರಪ್ಪ
ಗಾಜಿಗೆ ಬೆರಳು ಹಚ್ಚಿ
"ಬಾ..." ಅಂದ, "ಗಿ..." ಅಂದ,
"ಇದೇನವಾ, ಕುಂಟತೈತಿ?" ಅಂದ.
ಓದಿ ಮುಗಿಸುವ ಮೊದಲೇ ಎದ್ದು
ಬಾಗಿಲು ಹಾಕಿ ಬಂದ.