ಮುಂದಿನ ಚಕ್ರ

ಪೆಟ್ಟಿಗೆ ಒಡೆದದ್ದೇ ಅಪ್ಪ ತೂಕ ನೋಡಿದ.
ಎರಡೂ ಅಂಗೈಯಲ್ಲಿಟ್ಟು, ಹಲಸಿನ ಹಣ್ಣು ಕೊಳ್ಳುವವನ ಹಾಗೆ
ಬೆರಳಲ್ಲಿ ಬಡಿದು ಕಿವಿಗೊಟ್ಟ.
"ಒಳಗೆ ಎಂತ ಉಂಟು ಮಾರಾಯ್ತಿ?"
ತಾಮ್ರದ ಸುರುಳಿ, ಸುತ್ತ ಅಯಸ್ಕಾಂತ, ಎಂದೆ.
"ಅಷ್ಟೆಯಾ?"

ಸೈಕಲ್ಲು ಇದ್ದಿನಬ್ಬ ಕಾಕನದು.
ಇಪ್ಪತ್ತೆಂಟು ವರ್ಷ ದಕ್ಕೆಯಿಂದ ಬಾವುಟಗುಡ್ಡೆಗೆ
ಬಂಗುಡೆ, ಬೂತಾಯಿ, ಸಿಕ್ಕಿದ ದಿನ ಕಾಣೆ
ಹೊತ್ತು ಹತ್ತಿದ್ದು.
ಕ್ಯಾರಿಯರಿನ ಪೆಟ್ಟಿಗೆಯ ಉಪ್ಪುನೀರು ತೊಟ್ಟಿಕ್ಕಿ ತೊಟ್ಟಿಕ್ಕಿ
ಹಿಂದಿನ ಮಡ್‌ಗಾರ್ಡು ಹಪ್ಪಳವಾಗಿದೆ.
ಹಾಗಾಗಿ ಮೋಟಾರು ಮುಂದಿನ ಚಕ್ರಕ್ಕೆ.
ಕಿಟ್ಟಿನ ಜೊತೆ ಬಂದ ಕಾಗದದಲ್ಲಿ ಇದಿಲ್ಲ,
ತುಕ್ಕು ಹೇಳಿದ್ದು.

ಸ್ಟೂಲಿನಲ್ಲಿ ಕೂತು ಮಂಡಿ ನೀವುತ್ತಾ ಕಾಕ ಲೆಕ್ಕ ಹಾಕಿದರು:
"ಮಂಡಿ ಬದಲಿಸಲು ಡಾಕ್ಟರು ಎರಡು ಲಕ್ಷ ಹೇಳಿದ್ದು,
ತ್ಯಾಂಪಣ್ಣ, ನೀವು ಇಪ್ಪತ್ತೆರಡು ಸಾವಿರ.
ನಿಮ್ಮದೇ ಆಗಬಹುದು."

ಕಡ್ಡಿ ಪೋಣಿಸುವುದು ಅಪ್ಪನ ಕೆಲಸ. ಮೂವತ್ತಾರು.
ಹಬ್ಬು ದಪ್ಪ, ಹಳೆಯ ಕಡ್ಡಿ ಉದ್ದ,
ಒಂದೊಂದನ್ನೂ ತುಂಡರಿಸಿ, ಥ್ರೆಡ್ಡು ಹಾಕಿ,
ಒಂದರ ಮೇಲೊಂದು ದಾಟಿಸಿ, ಒಂದರ ಕೆಳಗೆ ನುಸುಳಿಸಿ,
ಕಡೆಗೆ ಚಕ್ರ ತಿರುಗಿಸುತ್ತಾ ಮೀಟಿ ಕೇಳುವುದು.
ಟಿಣ್. ಟಿಣ್. ಟಿಣ್. ಟಕ್.
"ನೋಡು, ಈ ಟಕ್ ಎಂದವ ಸೋಮಾರಿ"
ಎಂದು ಅದರ ಕಿವಿ ಹಿಂಡುತ್ತಾನೆ.

ವಯರು ನನ್ನದು.
ಕದ್ರಿಯ ಐಟಿಐಯಲ್ಲಿ ಎರಡು ವರ್ಷ
ಸೀಲಿಂಗ್ ಫ್ಯಾನಿನ ಹೊಟ್ಟೆ ಬಿಚ್ಚಿ ಕಟ್ಟಿದವಳು.
ದಪ್ಪದ್ದು ಮೂರು: ಹಳದಿ, ಹಸಿರು, ನೀಲಿ. ಸಪುರದ್ದು ಐದು.
ಪ್ರತಿ ಗಂಟಿಗೂ ಹಳೆಯ ಟ್ಯೂಬಿನ ತುಂಡು ಸುತ್ತಿದೆ,
ಜೂನ್ ಯಾರಿಗೂ ಕಾಯುವುದಿಲ್ಲ.

ರಾತ್ರಿ ಎಂಟೂವರೆ. ಫೋರ್ಕಿನ ಕೆಳಗೆ ಇಟ್ಟಿಗೆ.
ಹಿಡಿ ತಿರುಗಿಸಿದೆ.
ಚಕ್ರ ತಿರುಗಿತು.

ಹಿಂದಕ್ಕೆ.

ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ, ಹಿಂದಕ್ಕೆ.

ಅಪ್ಪ ನನ್ನ ಮುಖ ನೋಡಿದ, ನಾನು ವಯರಿನ ಮುಖ.
ಕಾಕ ಮಾತ್ರ ಚಕ್ರ ನೋಡುತ್ತಾ,
"ಸ್ವಲ್ಪ ಹಾಗೇ ಬಿಡು" ಎಂದರು,
"ಮಂಡಿ ನೋವು ಶುರುವಾದ ವರ್ಷ ದಾಟಲಿ."

ಒಂದು ಗಂಟೆ ಹುಡುಕಿದೆ.
ಹಳದಿಗೆ ನೀಲಿ, ನೀಲಿಗೆ ಹಸಿರು,
ಒಮ್ಮೆ ನಡುಗಿತು, ಒಮ್ಮೆ ಗೊರಕೆ ಹೊಡೆಯಿತು.
ಮತ್ತೆ ಮೊದಲಿನ ಹಾಗೇ ಕಟ್ಟಿದೆ.
ಅಪ್ಪ ಗಂಜಿ ಉಂಡು ಬಂದು, ಬಾಯೊರೆಸಿ,
ಸ್ಪ್ಯಾನರು ತೆಗೆದುಕೊಂಡು ಎರಡು ನಟ್ಟು ಸಡಿಲಿಸಿ
ಚಕ್ರವನ್ನೇ ಬಿಚ್ಚಿ, ಬಲದ್ದನ್ನು ಎಡಕ್ಕೆ ಮಾಡಿ ಕೂರಿಸಿದ.
ತಿರುಗಾ ಕೂರಿಸಿದ್ದೂ ಅವನೇ.
ಅದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಹಿಡಿ ತಿರುಗಿಸಿದೆ.

ಮರುದಿನ ಹನ್ನೊಂದಕ್ಕೆ ಕಾಕ ಬಂದರು,
ಮುಖ ಅಷ್ಟು ಸರಿ ಇಲ್ಲ.
ಏರಲಿಲ್ಲವಾ?
"ಏರಿತು. ಏರಿದ್ದೇ ತೊಂದರೆ.
ಇಪ್ಪತ್ತು ನಿಮಿಷ ಮೊದಲೇ ಮೇಲೆ ಮುಟ್ಟಿದೆ.
ಹಾರ್ನು ಒತ್ತಿದರೆ ಒಂದು ಗೇಟೂ ತೆರೆಯುವುದಿಲ್ಲ,
ಬಾಯಮ್ಮ ಸ್ನಾನದಲ್ಲಿ, ಟೀಚರಮ್ಮನಿಗೆ ಫೋನು,
ಬೆಕ್ಕುಗಳು ಕೂಡ ಬಂದಿರಲಿಲ್ಲ!
ಎಂತ ಮಾಡುವುದು? ಸುಮ್ಮನೆ ನಿಂತೆ."
ನಿಂತು?
"ಅಲ್ಲಿಂದ ಕಡಲು ಕಾಣುತ್ತದೆ. ನಿನಗೆ ಗೊತ್ತುಂಟಾ?"
ಯಾರೋ ಇಷ್ಟು ವರ್ಷ ಬಚ್ಚಿಟ್ಟಿದ್ದರು ಎಂಬಂತೆ
ನನ್ನನ್ನೇ ಗದರಿಸಿ ಕೇಳಿದರು.

ಅಪ್ಪ ಆಗಲೇ ನೆಲಕ್ಕೆ ಕುಕ್ಕರಿಸಿದ್ದ.
ಹೊಸ ಚಕ್ರ, ಮೊದಲ ಏರು, ಕಡ್ಡಿ ಸಡಿಲುವುದು ಸಹಜ.
ಮೀನಿನ ಹುರುಪೆ ಅಂಟಿದ ರಿಮ್ಮು ಮೆಲ್ಲ ತಿರುಗಿಸುತ್ತಾ
ಕಿವಿ ಹತ್ತಿರ ತಂದ.
ಟಿಣ್. ಟಿಣ್.
"ಸ್ವಲ್ಪ ಮಾತು ನಿಲ್ಲಿಸಿ" ಎಂದ.