ಕಾರು ಬೀದಿಯಲ್ಲಿ

ಕಾರು ಬೀದಿಯಲ್ಲೇ ನಿಲ್ಲುತ್ತದೆ, ಹೊಂಗೆ ಮರದ ಕೆಳಗೆ,
ಉದುರಿದ ಹೂವು ಗಾಜಿಗೆ ಅಂಟಿಕೊಂಡು.
ಅದರ ಮನೆಯಲ್ಲಿ ನಾನಿದ್ದೇನೆ.
ಹತ್ತಡಿ ಅಗಲ, ಹದಿನಾರಡಿ ಉದ್ದ,
ಎತ್ತಿದರೆ ಮಂಡಿಯ ತನಕ ಬಂದು, ನಿಂತು, ಯೋಚಿಸಿ
ಆಮೇಲೆ ಮೇಲೇಳುವ ಶಟರು.
(ಬೀದಿಯ ಶಟರಿಗೆಲ್ಲ ಎಣ್ಣೆ ಬಿಟ್ಟವಳು ನಾನು.
ನನ್ನದಕ್ಕೆ ನಾಳೆ.)

ಮತ್ತಿಕೆರೆಯ ಈ ಅಡ್ಡರಸ್ತೆಯಲ್ಲಿ ನನಗೆ ಬೋರ್ಡಿಲ್ಲ.
ಆದರೂ ಬರುತ್ತವೆ:
ಹಿಡಿ ಕಳಚಿದ ಕುಕ್ಕರು, ರಾತ್ರಿಯಿಡೀ ಗೊಣಗುವ ಟೇಬಲ್ ಫ್ಯಾನು,
ಒಂದು ಕಾಲು ಗಿಡ್ಡವಾದ ಸ್ಟೂಲು.
ಆ ಸ್ಟೂಲಿನ ಕಥೆ ಬೇಡ.
ಗಿಡ್ಡ ಕಾಲಿಗೆ ಸರಿಯಾಗಲೆಂದು ಉಳಿದ ಮೂರನ್ನು ಕೊಯ್ದೆ,
ಇನ್ನೊಂದು ಗಿಡ್ಡವಾಯಿತು, ಮತ್ತೆ ಕೊಯ್ದೆ,
ಈಗದು ಮಣೆ.
ಮುನಿರತ್ನಮ್ಮ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾ
‘ಏಳೋಕಾಗಲ್ಲ ಕಣೇ, ನನ್ನ ಮಂಡೀನೂ ನೀನೇ ರಿಪೇರಿ ಮಾಡು’ ಅನ್ನುತ್ತಾಳೆ.

ಪೀಣ್ಯದ ಟೂಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ
ಕೂದಲೆಳೆ ಹೆಚ್ಚಾದರೂ ರಿಜೆಕ್ಟ್ ಎಂದವಳು,
ಇಲ್ಲಿ ಒಂದೇ ಮಾತು ಹೊಸದಾಗಿ ಕಲಿತೆ:
ನಡೆಯುತ್ತೆ ಬಿಡಿ.

ಮೊನ್ನೆ ಫಿಲೋಮಿನಾ ಟೀಚರು
ಹಳೇ ಸೀರೆಯಲ್ಲಿ ಸುತ್ತಿ ಮಿಕ್ಸಿ ತಂದರು, ಕೂಸಿನ ಹಾಗೆ.
ಸುಟ್ಟ ವಾಸನೆ. ಜೊತೆಗೆ ಒಂಚೂರು ಕೊತ್ತಂಬರಿ ವಾಸನೆ.
ಬೋರಲು ಹಾಕಿದೆ. ನಾಲ್ಕು ಸ್ಕ್ರೂ,
ಮೂರು ಒಂದು ಜಾತಿ, ನಾಲ್ಕನೆಯದು ಬೇರೆ.
ಆಗಲೇ ಗೊತ್ತಾಯಿತು,
ನನಗಿಂತ ಮುಂಚೆ ಯಾರೋ ಬಂದು ಹೋಗಿದ್ದಾರೆ.

ಒಳಗೆ ಅವರದೇ ಕೈ.
ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ವಾಷರು,
ಅಂಚು ನೋಡಿದರೆ ಬಳೆ ಇಟ್ಟು ಗೆರೆ ಎಳೆದಂತಿದೆ.
ವೈರಿನ ಗಂಟಿಗೆ ದಾರ, ಏಳು ಸುತ್ತು,
ಒಂದರ ಮೇಲೊಂದು ಹತ್ತಿಲ್ಲ.
ತಳದ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಕೊರೆದ ಅಕ್ಷರ:
‘12-3-94. ಬ್ರಷ್ ಹೊಸದು.
ಇನ್ನೊಂದ್ಸಲ ಸುಟ್ಟರೆ ನನ್ನ ಕೇಳ್ಬೇಡಿ.’

ಹೆಸರಿಲ್ಲ.
ಟೀಚರಿಗೂ ನೆನಪಿಲ್ಲ. ಮಲ್ಲೇಶ್ವರದಲ್ಲೆಲ್ಲೋ, ಮೆಟ್ಟಿಲ ಕೆಳಗಿನ ಅಂಗಡಿ,
ಕೆಮ್ಮುತ್ತಿದ್ದ, ಬಹಳ ಸಿಡುಕ,
ಎಂಟು ರೂಪಾಯಿ ಕಡಿಮೆ ಕೊಟ್ಟೆನೇನೋ ಎಂದರು.

ಎಸ್.ಪಿ. ರೋಡಿನ ಹುಡುಗ ಫೋನಿನಿಂದ ತಲೆ ಎತ್ತದೆ
‘ಈ ಮಾಡೆಲ್ ಬ್ರಷ್ಷು ಈಗ ಬರಲ್ಲ ಆಂಟಿ.’
ದೊಡ್ಡದನ್ನೇ ಕೊಂಡು ಬಂದು
ಉಪ್ಪುಕಾಗದದ ಮೇಲೆ ತಿಕ್ಕಿದೆ, ತಿಕ್ಕಿದೆ,
ಹೊರಗೆ ಗಾಡಿಯವನು ಟೊಮೇಟೊ ಕೂಗಿ ಹೋದ,
ಕರೆಂಟು ಹೋಯಿತು, ಬಂತು,
ಕಪ್ಪು ಬೆರಳಲ್ಲಿ ಮೂಗು ತುರಿಸಿಕೊಂಡದ್ದು
ರಾತ್ರಿ ಕನ್ನಡಿಯಲ್ಲಿ ಕಂಡಿತು.

ವಾಷರು ಬಿರಿದಿತ್ತು. ಎಸೆಯಲು ಕೈ ಬರಲಿಲ್ಲ.
ಅದನ್ನೇ ಅಚ್ಚಾಗಿಟ್ಟು
ಪಂಕ್ಚರ್ ಅಂಗಡಿ ಜಬಿವುಲ್ಲಾ ಕೊಟ್ಟ ಟ್ಯೂಬಿನಲ್ಲಿ ಹೊಸದು ಕತ್ತರಿಸಿದೆ.
ಅವನಷ್ಟು ದುಂಡಗೆ ಬರಲಿಲ್ಲ.
ನಡೆಯುತ್ತೆ ಬಿಡಿ ಅನ್ನಲಿಲ್ಲ, ಅವನ ಎದುರಿಗೆ.
ಮತ್ತೆ ಕತ್ತರಿಸಿದೆ.

ಒಂದು ಹಿಡಿ ಹುರಿಗಡಲೆ ಹಾಕಿ ತಿರುವಿದಾಗ
ಶಟರಿನ ಕೆಳಗೆ ಮಲಗಿದ್ದ ನಾಯಿ ಕಾರಿನಡಿಗೆ ಓಡಿತು.
ಹಿಟ್ಟು ನುಣ್ಣಗೆ. ಟೀಚರು ಚಿಟಿಕೆ ಬಾಯಿಗೆ ಹಾಕಿಕೊಂಡು
ಕಣ್ಣು ಮುಚ್ಚಿ ಪರೀಕ್ಷೆ ಪೇಪರಿನಂತೆ ನೋಡಿದರು.
ಎಷ್ಟು ಎಂದರು. ಹೇಳಿದೆ.
ಅದರ ಮೇಲೆ ಎಂಟು ರೂಪಾಯಿ, ಚಿಲ್ಲರೆಯಲ್ಲಿ, ಬೇರೆಯಾಗಿ ಇಟ್ಟರು.

ಮುಚ್ಚಳ ಹಾಕುವ ಮೊದಲು
ಪೀಣ್ಯದಿಂದ ಬಂದ ಸ್ಕ್ರೈಬರು ತೆಗೆದು
ಅವನ ಸಾಲಿನ ಕೆಳಗೆ ಕೊರೆದಿದ್ದೆ:
‘ಕೇಳಲಿಲ್ಲ. ನಾನೇ ನೋಡಿಕೊಂಡೆ.’
ಡಬ್ಬಿಯಲ್ಲಿ ಜೋಡಿ ಸ್ಕ್ರೂ ಸಿಕ್ಕಿತ್ತು,
ಆದರೂ ಬೇರೆ ಜಾತಿಯದನ್ನೇ ಬಿಗಿದೆ.

ಮೇಲಿನ ಕಿಟಕಿಯಿಂದ ಗಂಡನ ದನಿ:
ಕಾರಿನ ವಿಷಯ ಏನಾಯಿತು?
ಮೂರು ವಾರದಿಂದ ಸ್ಟಾರ್ಟಾಗಿಲ್ಲ ಅದು.
ನಾನು ಶಟರು ಎಳೆದೆ.
ಮಂಡಿಯ ತನಕ ಬಂದು ನಿಂತಿತು.