ಚೀಲದ ವಾಸನೆ

ಕೂತ್ಕೋ ತಮ್ಮಾ, ಆ ಕಟ್ಟಿನ ಮೇಲೆ.
ಮೆಕ್ಕೆಜೋಳದ ಚೀಲ, ಧೂಳು ಅಷ್ಟೇ, ಕಚ್ಚಲ್ಲ.
ಮಂಡಿಪೇಟೆಯಲ್ಲಿ ಅಂಗಡಿ ಹಾಕ್ತೀಯಂತೆ.
ಮೂವತ್ತು ವರ್ಷ ಗಿರಾಕಿ ಹೆಂಗೆ ಉಳಿಸ್ಕೊಂಡೆ ಕೊಟ್ರಮ್ಮಾ
ಅಂತ ಕೇಳೋಕೆ ಬಂದೀಯ.
ಬರಕೊಳ್ಳೋಕೆ ಪುಸ್ತಕ ಬೇರೆ.

ಪುಸ್ತಕ ಮಡಚು. ಈ ದಬ್ಬಳ ಹಿಡಿ.
ಸುತಲಿ ಪೋಣಿಸು, ನನಗೆ ಕಣ್ಣು ಸಾಲದು.

ಹಳೇ ಚೀಲಕ್ಕೆ ನೆನಪು ಜಾಸ್ತಿ.
ಶೇಂಗಾ ತುಂಬಿದ್ದು ಎಣ್ಣೆ ನೆನೆಸ್ಕೊಂತದೆ,
ಮೆಣಸಿನಕಾಯಿ ತುಂಬಿದ್ದು
ಮೂರು ಸಲ ಜಾಡಿಸಿದರೂ ಸೀನು ತರಿಸ್ತದೆ.
ಬಿತ್ತನೆ ಬೀಜದ್ದು? ಔಷಧಿ ಬಳಿದಿರ್ತಾರೆ ಬೀಜಕ್ಕೆ.
ಅದು ಸುಮ್ಮನಿರ್ತದೆ.
ಬಿಸಿ ತಾಗೋವರೆಗೂ ಬಾಯಿ ಬಿಡಲ್ಲ.

ಆ ವರ್ಷ ಮಗಳ ಬಾಣಂತನ.
ಮೂಸಿ ನೋಡೋ ಕೆಲಸ ಹುಡುಗರಿಗೆ ಬಿಟ್ಟಿದ್ದೆ.
ಇನ್ನೂರು ಚೀಲದಾಗೆ ಬಿತ್ತನೆ ಬೀಜದವು ಮೂರು,
ಬರೀ ಮೂರು,
ದಾದಾಪೀರನ ಭಟ್ಟಿಗೆ ಹೋದವು.

ಮಂಡಕ್ಕಿ ಭಟ್ಟಿ ನೋಡೀಯಾ, ರಾತ್ರಿ ಹೊತ್ತು?
ಕಾದ ಮರಳಾಗೆ ಅಕ್ಕಿ ಹೂವಾಗೋಕೆ
ಒಂದು ಉಸಿರಿನಷ್ಟು ಹೊತ್ತು.
ಬಿಸೀದೇ ತುಂಬಿದರು.
ಚೀಲ ಬಾಯಿ ಬಿಡ್ತು.

ಹಮಾಲಿ ತಿಪ್ಪೇಶಿ ಓಡಿ ಬಂದು ಹೇಳಿದ:
ಮೂರರ ಜೊತೆ ಮೂವತ್ತೂ ಸುರಿದನಂತೆ ತಿಪ್ಪೆಗೆ,
"ಯಾವುದಕ್ಕೆ ತಾಗೈತೋ ಯಾರಿಗೆ ಗೊತ್ತು" ಅಂದನಂತೆ.
ದುಡ್ಡು ಸೆರಗಿಗೆ ಕಟ್ಟಿಕೊಂಡು ಬಾಷಾ ನಗರಕ್ಕೆ ಹೋದೆ.
ಮುಟ್ಟಲಿಲ್ಲ.
ಒಲೆಗೆ ಹೊಟ್ಟು ಎರಚುತ್ತಲೇ
"ಮಲಕ್ಕೋ ಹೋಗಕ್ಕಾ, ಹೊತ್ತಾಗೈತೆ" ಅಂದ.

ಮಾರನೇ ವಾರದಿಂದ ಹರಿಹರದ ಚೀಲ ಬಂತು ಅವನಿಗೆ.

ದರ ಇಳಿಸು, ತಾನೇ ಬರ್ತಾನೆ ಅಂದರು ಬೀದಿಯವರು.
ಊರಾಗೆ ಭಟ್ಟಿಗೇನು ಬರವೇ, ಬೇರೆ ಹಿಡಿ ಅಂದರು.
ನಾನು ಏನೂ ಮಾಡಲಿಲ್ಲ ತಮ್ಮಾ.
ಅವನ ಹೆಂಡತಿ ಖೈರುನ್ ಜೊತೆ
ಮೊದಲಿಂದ ಹೋಗಿಬರೋದು ಇತ್ತಲ್ಲ, ಅದನ್ನ ಬಿಡಲಿಲ್ಲ.
ಅವಳ ಮೊಣಕಾಲು ಊದಿದಾಗ ದೊಡ್ಡಾಸ್ಪತ್ರೆ ಸಾಲಲ್ಲಿ
ಚೀಟಿ ಹಿಡಿದು ನಿಂತೆ.
ರಂಜಾನಿಗೆ ಸುರಕುಂಬಾ ಕುಡಿದೆ.
ನಮ್ಮ ಗುರೆಳ್ಳು ಪುಡಿ ಅವರ ಮನೆ ಡಬ್ಬಿ ಸೇರಿತು.
ಚೀಲದ ಮಾತು ಬರಲಿಲ್ಲ ಬಾಯಿಗೆ.

ಸುಳ್ಳು ಯಾಕೆ ಹೇಳಲಿ, ಒಂದು ಸಲ ಬಂತು.
ಆ ತಿಂಗಳು ಗೋಡೌನ್ ಬಾಡಿಗೆ ಕಟ್ಟಿರಲಿಲ್ಲ,
ನಾಲಿಗೆ ತುದಿಗೇ ಬಂತು.
ಖೈರುನ್ ನನ್ನ ಮುಖ ನೋಡಿದಳು,
ಏನೂ ಕೇಳದೆ ಚಾ ಸೋಸಿದಳು.
ಎರಡನ್ನೂ ಸೇರಿಸಿ ನುಂಗಿದೆ. ಸುಟ್ಟಿತು.

ಹದಿನಾಲ್ಕು ತಿಂಗಳು.
ಒಂದು ಬೆಳಗಿನ ಜಾವ ಅವರ ಕಿರಿಮಗ
ಸೈಕಲ್ಲು ಬಾಗಿಲಿಗೇ ಒರಗಿಸಿ,
"ಅಬ್ಬಾ ಎಂಬತ್ತು ಚೀಲ ಹೇಳ್ಯಾರೆ" ಅಂದ.
ದರ ಕೇಳಲಿಲ್ಲ.
ಲೈಟು ಹಾಕಿದೆ. ಮೂಗು ತೂರಿಸಿ ಒಂದೊಂದೇ,
ಒಂದೊಂದೇ,
ಎಂಬತ್ತು ಆರಿಸೋಕೆ ನೂರಾ ಹದಿನಾರು ಮೂಸಿದೆ.
ಎರಡು ದಿನ ಊಟಕ್ಕೆ ರುಚಿ ಹತ್ತಲಿಲ್ಲ.

ಅಯ್ಯೋ, ಮಡಚು ಅಂದರೂ ಬರಕೊಂಡೆಯಾ? ತೋರಿಸು.
"ನಂಬಿಕೆ."
ಹೊಡೆದುಹಾಕು ಅದನ್ನ.
ಪಿ.ಬಿ. ರೋಡಿನ ಹೋಟೆಲಲ್ಲಿ ಮೈಕು ಹಿಡಿದು
ಪಾಠ ಹೇಳ್ತಾರಲ್ಲ, ಅವರಿಗಿರಲಿ ಅಂಥ ದೊಡ್ಡ ಮಾತು.
ದಾದಾಪೀರ ಇವತ್ತಿಗೂ ನನ್ನ ಚೀಲ
ಮೂಸಿಯೇ ಒಳಗೆ ತಗೊಳ್ಳೋದು.
ನನ್ನೆದುರಿಗೇ.
ನಾನು ಪಕ್ಕದಲ್ಲೇ ಕೂತು ಬಿಸಿ ಮಂಡಕ್ಕಿ ತಿಂತೀನಿ.
ಅವನು ಮೂಸೋದು ಬಿಟ್ಟರೆ
ಆ ದಿನ ನನಗೆ ಭಯ.

ಹೂಂ, ಹೊಲಿಗೆ ಪರವಾಗಿಲ್ಲ.
ಸುತಲಿ ಹಲ್ಲಲ್ಲೇ ಕಡಿ, ಕತ್ತರಿ ಎಲ್ಲೋ ಐತೆ.
ಈಗ ಇಲ್ಲಿ ಬಗ್ಗು.
ಕಣ್ಣು ಮುಚ್ಚು.
ಹೇಳು, ಏನಿತ್ತು ಇದರಾಗೆ?